ಎಲ್‌ಎಲ್‌ಆರ್ ಟಿಪ್ಪಣಿ: ಗೀಟು, ಅಡ್ಡಗೀಟು, ಸಮ, ಬೆಸ

ಶುಕ್ರವಾರ ನನ್ನ ಎಲ್‌ಎಲ್‌ಆರ್ ಪರೀಕ್ಷೆ, ಅಂದರೆ ಗಾಡಿ ಕಲಿಯೋರ ಲೈಸೆನ್ಸಿನದು. ನಲವತ್ತು ದಾಟಿದ ಮೇಲೆ ಬಾಯಿಪಾಠ ತಲೆಗೆ ಹತ್ತೋದಿಲ್ಲ. ಬರೆದರೆ ಮಾತ್ರ ಉಳಿಯುತ್ತೆ, ಅದಕ್ಕೇ ಬರೀತಿದ್ದೀನಿ.

ರಸ್ತೆ ಬದಿಯ ಸಂಚಾರ ಬೋರ್ಡುಗಳಲ್ಲಿ ಆಕಾರದ ಪಾಠ ಸುಲಭ. ದುಂಡಗಿದ್ದರೆ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ. ಎಂಟು ಮೂಲೆಯದು ‘ನಿಲ್ಲಿ’, ತಲೆಕೆಳಗಾದ ತ್ರಿಕೋನ ‘ದಾರಿ ಬಿಡಿ’. ದುಂಡಗಿರೋದರಲ್ಲಿ ಕೆಂಪು ಅಂಚಿದ್ದರೆ ಬೇಡ, ಪೂರ್ತಿ ನೀಲಿ ಇದ್ದರೆ ಮಾಡಲೇಬೇಕು. ಕೆಂಪು ಅಂಚಿನೊಳಗೆ 50 ಅಂದರೆ ಐವತ್ತು ದಾಟಬೇಡಿ. ನೀಲಿ ಬಿಲ್ಲೆ ಮೇಲೆ 50 ಅಂದರೆ ಐವತ್ತಕ್ಕಿಂತ ಕೆಳಗೆ ಇಳೀಬೇಡಿ. ಸಂಖ್ಯೆ ಒಂದೇ, ಅರ್ಥ ಉಲ್ಟಾ.

ನಾನು ಎಡವಿದ್ದು ನೋ ಪಾರ್ಕಿಂಗ್‌ನಲ್ಲಿ. ಅದರ ಒಳಗೆ ನೀಲಿ, ಸುತ್ತ ಕೆಂಪು. ನೀಲಿ ಕಂಡ ತಕ್ಷಣ ‘ಮಾಡಲೇಬೇಕು’ ಅಂತ ಉತ್ತರ ಒತ್ತಿಬಿಡ್ತಿದ್ದೆ. ಅಂಚು ಕೆಂಪಾದರೆ ಬೇಡ, ಒಳಗೆ ಯಾವ ಬಣ್ಣವಾದರೂ ಇರಲಿ. ಒಂದು ಓರೆಗೀಟಿದ್ದರೆ ಗಾಡಿ ನಿಲ್ಲಿಸಿ ಹೋಗೋ ಹಾಗಿಲ್ಲ, ಆದರೆ ಅತ್ತೆಯನ್ನ ಇಳಿಸಿ ಹಾಗೇ ಮುಂದಕ್ಕೆ ಹೋಗಬಹುದು. ಎರಡು ಗೀಟು ಕತ್ತರಿ ಹಾಕಿದ್ದರೆ ಅತ್ತೆಯನ್ನೂ ಇಳಿಸೋ ಹಾಗಿಲ್ಲ. ಒಂದು ಗೀಟಿಗೆ ಒಂದು ಕೆಲಸ ನಿಷೇಧ, ಎರಡಕ್ಕೆ ಎರಡೂ ನಿಷೇಧ ಅಂತ ನೆನಪಿಟ್ಟುಕೊಂಡಿದ್ದೀನಿ. ಬಿಳಿ ಬಿಲ್ಲೆ ಮೇಲೆ ಕಪ್ಪು ಓರೆಗೀಟು ಮಾತ್ರ ಬೇರೆ ಜಾತಿ: ಅಲ್ಲಿಗೆ ನಿರ್ಬಂಧ ಮುಗೀತು ಅಂತ. ಗೀಟು ಕಂಡಲ್ಲೆಲ್ಲ ಹೆದರಬೇಡಿ.

ಪರೀಕ್ಷೆಯಲ್ಲಿ ಬರುತ್ತೋ ಇಲ್ಲವೋ, ನನ್ನ ತಲೆ ಪೂರ್ತಿ ತಿಂದಿರೋದು ಸಮ-ಬೆಸ ಬೋರ್ಡು. ಬೆಂಗಳೂರಿನ ಕಿರಿದಾದ ರಸ್ತೆಗಳಲ್ಲಿ ನೋಡಿರ್ತೀರಿ, ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಪಾರ್ಕಿಂಗ್. ನಿಯಮ ಸರಳ. ಗೋಜಲಾಗೋದು ಬರೆಯೋ ರೀತಿಯಿಂದ. ಒಂದು ಕಂಬದಲ್ಲಿ ‘ಸಮ ದಿನಾಂಕಗಳಂದು ವಾಹನ ನಿಲುಗಡೆ’ ಅಂತಿದ್ದರೆ, ಇನ್ನೊಂದರಲ್ಲಿ ‘ಸಮ ದಿನಾಂಕಗಳಂದು ವಾಹನ ನಿಲುಗಡೆ ನಿಷೇಧ’ ಅಂತಿರುತ್ತೆ. ಕನ್ನಡದಲ್ಲಿ ವಾಕ್ಯದ ಹಣೆಬರಹ ಕೊನೆಯ ಪದದಲ್ಲಿದೆ ತಾನೇ? ಕಳೆದ ತಿಂಗಳು 14ನೇ ತಾರೀಕು ಭಾವನ ಸ್ಕೂಟರಿನಲ್ಲಿ ಹಿಂದೆ ಕೂತು ಬೋರ್ಡು ಓದಿ ಹೇಳಿದವಳು ನಾನೇ. ‘ನಿಷೇಧ’ದ ಮೇಲೆ ಹೊಂಗೆ ಕೊಂಬೆ ಬಿದ್ದಿತ್ತು. ಬಟ್ಟೆ ಅಂಗಡಿಯಿಂದ ಹೊರಗೆ ಬರೋಷ್ಟರಲ್ಲಿ ಸ್ಕೂಟರ್ ಲಾರಿ ಮೇಲಿತ್ತು. “ಏನಮ್ಮ, ಎಂ.ಎ. ಕನ್ನಡ ಅಲ್ವಾ ನೀನು?” ಅಂದರು ಭಾವ. ಅದೇ ಬೋರ್ಡಿನ ಇಂಗ್ಲಿಷ್ ಸಾಲಿನಲ್ಲಿ ‘ನೋ’ ಮೊದಲೇ ಬಂದಿತ್ತು, ಕೊಂಬೆಗೆ ಸಿಗದೆ.

ಅದಕ್ಕೆ ನನ್ನ ಉಪಾಯ: ‘ಇವತ್ತು ಈ ಬದಿ ಆಗುತ್ತಾ?’ ಅಂತ ಒಂದೇ ಪ್ರಶ್ನೆ ಕೇಳಿಕೊಳ್ಳಿ. ತಾರೀಕಿಗೂ ಬೋರ್ಡಿಗೂ ಹೊಂದಿಕೆಯಾಗಿ ‘ನಿಷೇಧ’ ಇಲ್ಲದಿದ್ದರೆ ಆಗುತ್ತೆ. ಹೊಂದಿಕೆಯಾಗಿ ‘ನಿಷೇಧ’ ಇದ್ದರೆ ಆಗಲ್ಲ. ಹೊಂದಿಕೆಯಾಗದಿದ್ದರೆ ಉತ್ತರ ತಿರುಗಿಸಿ. 15ನೇ ತಾರೀಕು, ‘ಸಮ ದಿನ ನಿಷೇಧ’ ಬೋರ್ಡು: ಹೊಂದಲಿಲ್ಲ, ‘ಆಗಲ್ಲ’ ತಿರುಗಿ ‘ಆಗುತ್ತೆ’ ಆಯ್ತು. ಇದನ್ನ ಅರ್ಥ ಮಾಡಿಕೊಳ್ಳೋಕೆ ಎರಡು ಲೋಟ ಕಾಫಿ ಖರ್ಚಾಗಿದೆ.

ರಾತ್ರಿ ಬಿಟ್ಟು ಹೋಗೋರಿಗೆ ಇನ್ನೊಂದು ತಮಾಷೆ. ಹನ್ನೆರಡು ಹೊಡೆದರೆ ತಾರೀಕು ಬದಲಾಗಿ ಬದಿಯೂ ಬದಲಾಗುತ್ತೆ. ಆದರೆ 31 ಬೆಸ, ಮರುದಿನದ 1 ಕೂಡ ಬೆಸ. ಹಾಗಾಗಿ ವರ್ಷಕ್ಕೆ ಏಳು ರಾತ್ರಿ ಬೆಸ ಬದಿಯ ಗಾಡಿ ಬೆಳಗ್ಗೆಯೂ ಸರಿಯಾದ ಜಾಗದಲ್ಲೇ ಇರುತ್ತೆ. ಅಧಿಕ ವರ್ಷದ ಫೆಬ್ರುವರಿ 29 ಸೇರಿದರೆ ಎಂಟು. ಯಾವ ತಿಂಗಳು ಅಂತ ಮುಷ್ಟಿಯ ಗೆಣ್ಣು ಎಣಿಸಿಕೊಳ್ಳಿ. ಬೋರ್ಡಲ್ಲಿ ಗಂಟೆ ನಮೂದಿಸಿದ್ದರೆ ಮೊದಲು ಅದನ್ನ ನೋಡಿ.

ಚಿತ್ರ ಅರ್ಥವಾಗದ ಬೋರ್ಡೂ ಇರುತ್ತೆ. 2022ರಲ್ಲಿ ವೈಟ್‌ಫೀಲ್ಡಿನ ಹೋಪ್‌ಫಾರ್ಮ್ ಜಂಕ್ಷನ್‌ನಲ್ಲಿ ತ್ರಿಕೋನದೊಳಗೆ ನಾಲ್ಕು ಕಪ್ಪು ಚುಕ್ಕೆ ನೋಡಿ ಒಬ್ಬರು ಟ್ವಿಟರಿನಲ್ಲಿ ಕೇಳಿದ್ದರು. ಅಂಧರು ಓಡಾಡುವ ಜಾಗ, ಹತ್ತಿರದಲ್ಲೇ ಅಂಧರ ಶಾಲೆ ಇದೆ ಅಂತ ಸಂಚಾರ ಪೊಲೀಸರು ಉತ್ತರ ಕೊಟ್ಟರು. ಕೇಳದಿದ್ದರೆ ನಾನಂತೂ ರಸ್ತೆಗುಂಡಿ ಅಂದುಕೊಳ್ತಿದ್ದೆ.

ಹೇರ್‌ಪಿನ್ ತಿರುವು, ದನ, ಕಿರಿದಾದ ಸೇತುವೆ ಬೋರ್ಡುಗಳು ಬಾಕಿ ಇವೆ. ಚಿತ್ರ ನೋಡಿದರೇ ಗೊತ್ತಾಗುತ್ತೆ.