ಲೆಮ್ಯುಯೆಲ್ ಶಾ: ತೀರ್ಪುಗಳನ್ನು ಜೋಡಿಯಾಗಿ ಓದಬೇಕಾದ ನ್ಯಾಯಮೂರ್ತಿ

ಲೆಮ್ಯುಯೆಲ್ ಶಾ 1830ರಿಂದ 1860ರವರೆಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ರೈಲು, ಕಾರ್ಖಾನೆ, ಕಾರ್ಮಿಕ ಸಂಘ ಎಲ್ಲವೂ ಹೊಸದಾಗಿದ್ದ ಕಾಲ ಅದು. ಆಧಾರವಾಗಿ ಹಿಡಿಯಲು ಹಳೆಯ ತೀರ್ಪುಗಳು ಹೆಚ್ಚಿರಲಿಲ್ಲ. ಹಾಗಾಗಿ ಅವರು ಬರೆದದ್ದೇ ಅನೇಕ ರಾಜ್ಯಗಳಿಗೆ ದಾರಿಯಾಯಿತು.

ಜೀವನದ ವಿವರ ಇಷ್ಟು ಸಾಕು: 1781ರಲ್ಲಿ ವೆಸ್ಟ್ ಬಾರ್ನ್‌ಸ್ಟೇಬಲ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನನ, 1800ರಲ್ಲಿ ಹಾರ್ವರ್ಡ್ ಪದವಿ, 1804ರಲ್ಲಿ ವಕೀಲಿ ಸನ್ನದು. ಬಾಸ್ಟನ್‌ನಲ್ಲಿ ವಕೀಲಿ ಮಾಡುತ್ತಲೇ ರಾಜ್ಯದ ಶಾಸನಸಭೆಯಲ್ಲೂ ಕುಳಿತರು. 1861ರಲ್ಲಿ ನಿಧನರಾದರು. ಕಾದಂಬರಿಕಾರ ಹರ್ಮನ್ ಮೆಲ್ವಿಲ್, ಶಾ ಅವರ ಮಗಳ ಗಂಡ.

ನಿಜವಾದ ಓದು ಶುರುವಾಗುವುದು 1842ರ ಎರಡು ತೀರ್ಪುಗಳಿಂದ. ಮೊದಲನೆಯದು ಫಾರ್‌ವೆಲ್ ಪ್ರಕರಣ. ಸಹೋದ್ಯೋಗಿಯೊಬ್ಬ ಹಳಿ ಬದಲಿಸುವಲ್ಲಿ ತೋರಿದ ಅಜಾಗರೂಕತೆಯಿಂದ ರೈಲು ಹಳಿ ತಪ್ಪಿ, ಎಂಜಿನ್ ಚಾಲಕ ನಿಕೋಲಸ್ ಫಾರ್‌ವೆಲ್ ಕೈ ಕಳೆದುಕೊಂಡ. ರೈಲು ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದರು ಶಾ. ದಿನಕ್ಕೆ 2 ಡಾಲರ್ ಕೂಲಿಗೆ ಒಪ್ಪಿದವನು ಆ ಕೆಲಸದ ಅಪಾಯಕ್ಕೂ ಒಪ್ಪಿದ್ದಾನೆ ಎಂಬುದು ಅವರ ತರ್ಕ. ಎರಡನೆಯದು ಹಂಟ್ ಪ್ರಕರಣ. ಸಂಘಕ್ಕೆ ಸೇರದವನ ಜೊತೆ ದುಡಿಯುವುದಿಲ್ಲವೆಂದ ಬಾಸ್ಟನ್ನಿನ ಬೂಟು ತಯಾರಕರ ಮೇಲೆ ಒಳಸಂಚಿನ ಆರೋಪ ಹೊರಿಸಿ, ಕೆಳ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತ್ತು. ಶಾ ಅದನ್ನು ತಳ್ಳಿಹಾಕಿದರು. ಸಂಘದ ಉದ್ದೇಶವೂ ವಿಧಾನವೂ ಕಾನೂನುಬದ್ಧವಾಗಿದ್ದರೆ ಒಟ್ಟಾಗುವುದೇ ಅಪರಾಧವಲ್ಲ ಎಂದರು.

ಒಂದು ಮಾಲೀಕರ ಪರ, ಇನ್ನೊಂದು ಕಾರ್ಮಿಕರ ಪರ ಎಂದು ಬರೆದು ಮುಂದೆ ಹೋಗಬೇಡಿ. ಎರಡರ ಬೇರೂ ಒಂದೇ: ಕೆಲಸ ಒಪ್ಪುವುದೂ ಬಿಡುವುದೂ ಮನುಷ್ಯನ ಸ್ವಂತ ಇಚ್ಛೆ. ಹಂಟ್ ಪ್ರಕರಣದಲ್ಲಿ ಈ ನಂಬಿಕೆ ಕಾರ್ಮಿಕನನ್ನು ಕಾಪಾಡಿತು. ಫಾರ್‌ವೆಲ್ ಪ್ರಕರಣದಲ್ಲಿ ಅದೇ ನಂಬಿಕೆ, ಕೂಲಿಯನ್ನೇ ನೆಚ್ಚಿಕೊಂಡವನಿಗೆ ಆಯ್ಕೆ ಎಷ್ಟಿರುತ್ತದೆ ಎಂದು ಕೇಳಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಶಾ ಅವರ ಶಕ್ತಿ ಮತ್ತು ಮಿತಿ ಎರಡೂ ಇಲ್ಲೇ ಕಾಣುತ್ತವೆ.

ಗುಲಾಮಗಿರಿಯ ಪ್ರಕರಣಗಳನ್ನೂ ಹೀಗೆಯೇ ಓದಬೇಕು. 1836ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಒಡತಿಯೊಡನೆ ಬಾಸ್ಟನ್‌ಗೆ ಬಂದ ಆರು ವರ್ಷದ ಮೆಡ್ ಎಂಬ ಬಾಲಕಿಯನ್ನು ಅವರು ಬಿಡುಗಡೆ ಮಾಡಿದರು. ಈ ರಾಜ್ಯದ ಕಾನೂನಿನಲ್ಲಿ ಗುಲಾಮಗಿರಿಗೆ ನೆಲೆಯಿಲ್ಲ, ಒಡತಿಯೇ ಕರೆತಂದ ಮಗುವನ್ನು ಬಲವಂತವಾಗಿ ಒಯ್ಯುವಂತಿಲ್ಲ ಎಂದರು. ಆದರೆ 1851ರಲ್ಲಿ, ಜಾರ್ಜಿಯಾದಿಂದ ಓಡಿಬಂದಿದ್ದ ಥಾಮಸ್ ಸಿಮ್ಸ್‌ನ ಬಿಡುಗಡೆಗೆ ಒಪ್ಪಲಿಲ್ಲ. ಓಡಿಬಂದವರನ್ನು ಹಿಂದಿರುಗಿಸಲು ಒಕ್ಕೂಟದ ಸಂವಿಧಾನವೇ ಹೇಳುತ್ತದೆ ಎಂಬುದು ಕಾರಣ. ಜನ ಸಿಮ್ಸ್‌ನನ್ನು ಬಿಡಿಸಿಕೊಂಡು ಹೋಗದಂತೆ ಆಗ ನ್ಯಾಯಾಲಯದ ಕಟ್ಟಡಕ್ಕೆ ಸರಪಳಿ ಸುತ್ತಿದ್ದರು. ಶಾ ಕೂಡ ಅದರಡಿ ಬಗ್ಗಿ ಒಳಗೆ ಹೋಗಬೇಕಾಯಿತು.

ಆದರೆ 1850ರ ರಾಬರ್ಟ್ಸ್ ತೀರ್ಪನ್ನು ಸಮರ್ಥಿಸಲು ನನ್ನಿಂದಾಗದು. ಸಂವಿಧಾನ ಅಲ್ಲಿ ಅವರ ಕೈ ಕಟ್ಟಿರಲಿಲ್ಲ. ಕಪ್ಪು ಬಾಲಕಿ ಸಾರಾ ರಾಬರ್ಟ್ಸ್ ಹತ್ತಿರದ ಶಾಲೆಗಳನ್ನು ದಾಟಿ, ಕಪ್ಪು ಮಕ್ಕಳಿಗೆಂದೇ ಇದ್ದ ದೂರದ ಶಾಲೆಗೆ ನಡೆಯಬೇಕಿತ್ತು. ಆಕೆಯ ಪರ ಚಾರ್ಲ್ಸ್ ಸಮ್ನರ್ ಮತ್ತು ಕಪ್ಪು ವಕೀಲ ರಾಬರ್ಟ್ ಮಾರಿಸ್ ವಾದಿಸಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಒಪ್ಪಿದ ಶಾ, ಪ್ರತ್ಯೇಕ ಶಾಲೆ ನಡೆಸುವ ಅಧಿಕಾರ ಶಾಲಾ ಸಮಿತಿಗಿದೆ ಎಂದುಬಿಟ್ಟರು. 1855ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಇಂಥ ಬೇರ್ಪಡಿಕೆಯನ್ನು ನಿಷೇಧಿಸಿತು. ಆದರೂ 1896ರ ಪ್ಲೆಸ್ಸಿ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗೀಯ ಪ್ರತ್ಯೇಕತೆಯನ್ನು ಎತ್ತಿಹಿಡಿಯುವಾಗ ಶಾ ಅವರ ಮಾತುಗಳನ್ನೇ ಉಲ್ಲೇಖಿಸಿತು. ಶಾಲೆಗಳ ಮಟ್ಟಿಗೆ ಆ ವಾದ ಬಿದ್ದುಹೋದದ್ದು 1954ರಲ್ಲಿ, ಅದೇ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪಿನೊಂದಿಗೆ.