ಕಾಲಿನ ಬಸಿಗಾಲುವೆ

ನಮ್ಮ ಬೀದಿ ಕೊನೆಯ ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಹೆಂಚು ಕಾದಿರುತ್ತದೆ. ಸೌದೆ ಒಲೆ. ದೋಸೆ ಹಾಕುವ ಅಣ್ಣ ಅದರ ಮುಂದೆ ನಿಂತನೆಂದರೆ ಮಧ್ಯಾಹ್ನ ಎರಡರವರೆಗೆ ಕದಲುವುದಿಲ್ಲ. ಓಡಾಡುವುದು ಕೈ ಮಾತ್ರ. ಹಿಟ್ಟು ಹುಯ್ಯುವುದು, ಸವರುವುದು, ಬೆಣ್ಣೆ ಇಡುವುದು, ಮಗುಚುವುದು. ದಾವಣಗೆರೆಯ ಏಪ್ರಿಲ್ ಬಿಸಿಲು ಒಂದು ಕಡೆ, ಒಲೆಯ ಝಳ ಇನ್ನೊಂದು ಕಡೆ.

ಒಂದು ದಿನ ಅವನು ಲುಂಗಿ ಮೇಲೆತ್ತಿ ಕಟ್ಟಿದ್ದಾಗ ಕಾಲು ಕಂಡಿತು. ಎಡಗಾಲಿನ ಮೀನಖಂಡದ ಮೇಲೆ ನೀಲಿ ಹಗ್ಗವನ್ನು ಅಂಕುಡೊಂಕಾಗಿ ಅಂಟಿಸಿದ ಹಾಗಿತ್ತು. ಪಾದದ ಗಂಟಿನ ಒಳಬದಿಯ ಚರ್ಮ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

‘ಏನಣ್ಣ ಇದು?’

‘ನರ ಗಂಟು ಕಟ್ಟೈತ್ರಿ. ಹದಿನೆಂಟು ವರ್ಷ ನಿಂತೀನಲ್ಲ. ರಕ್ತ ಓಡ್ತಿಲ್ಲ ಅಂತಾರೆ. ದಿನಾ ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡ್ತೀನಿ.’

ಈ ‘ನರ’ ಅನ್ನುವ ಮಾತೇ ನಮ್ಮನ್ನು ಅರ್ಧ ದಾರಿ ತಪ್ಪಿಸುತ್ತದೆ. ಮಿದುಳಿನಿಂದ ಸುದ್ದಿ ಒಯ್ಯುವ ತಂತಿಗೂ ನಾವು ನರ ಅಂತೀವಿ, ರಕ್ತ ಹರಿಯುವ ಕೊಳವೆಗೂ ನರ ಅಂತೀವಿ. ಚಕ್ಕಳಮಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದಾಗ ‘ರಕ್ತ ನಿಂತೋಯ್ತು’ ಅನ್ನುತ್ತೇವೆ. ಹೆಚ್ಚಾಗಿ ಅಲ್ಲಿ ಒತ್ತಿಕೊಂಡಿರುವುದು ತಂತಿ. ಈ ಅಣ್ಣನ ಕಾಲಲ್ಲಿ ಉಬ್ಬಿರುವುದು ಕೊಳವೆ. ಇನ್ನು ‘ರಕ್ತ ಓಡ್ತಿಲ್ಲ’ ಅನ್ನುವ ಮಾತು. ಅದರೊಳಗೆ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಭದ್ರಾ ಅಚ್ಚುಕಟ್ಟಿನವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಗೆ ನೀರು ತರುವುದು ನಾಲೆ. ಹೆಚ್ಚಾದದ್ದನ್ನು ಹೊರಗೆ ಒಯ್ಯುವುದು ಬಸಿಗಾಲುವೆ. ನಾಲೆಯಲ್ಲಿ ಹೂಳು ತುಂಬಿದರೆ ಕೊನೆ ಭಾಗದ ರೈತನ ಗದ್ದೆ ಒಣಗುತ್ತದೆ. ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆ ಜವುಗಾಗುತ್ತದೆ. ಎರಡರಲ್ಲೂ ಬೆಳೆ ಹಾಳು, ಆದರೆ ಜವುಗು ಗದ್ದೆಗೆ ಇನ್ನಷ್ಟು ನೀರು ಬಿಡಿ ಅಂತ ಯಾರೂ ಕೇಳುವುದಿಲ್ಲ. ಕಾಲು ಅನ್ನುವುದು ಮೈಯೆಂಬ ಅಚ್ಚುಕಟ್ಟಿನ ಕೊನೆ ಭಾಗ. ಹೃದಯದಿಂದ ರಕ್ತ ತರುವ ಅಪಧಮನಿ ಅದರ ನಾಲೆ. ವಾಪಸ್ ಒಯ್ಯುವ ಅಭಿಧಮನಿ ಬಸಿಗಾಲುವೆ. ದೋಸೆ ಅಣ್ಣನದು ಬಸಿಗಾಲುವೆಯ ತೊಂದರೆ.

ಮೊದಲು ಅದನ್ನೇ ನೋಡೋಣ. ನಿಮ್ಮ ಒಂದು ಕೈಯನ್ನು ಒಂದು ನಿಮಿಷ ಸುಮ್ನೆ ಕೆಳಗೆ ಜೋತುಬಿಡಿ. ಮುಂಗೈ ಮೇಲಿನ ನಾಳಗಳು ಉಬ್ಬುತ್ತವೆ. ಅದೇ ಕೈಯನ್ನು ತಲೆ ಮೇಲೆ ಎತ್ತಿ. ಕೆಲವೇ ಕ್ಷಣದಲ್ಲಿ ಅವು ಮಾಯ. ಹೃದಯಕ್ಕಿಂತ ಕೆಳಗಿದ್ದರೆ ತುಂಬಿಕೊಳ್ಳುತ್ತದೆ, ಮೇಲಿದ್ದರೆ ಖಾಲಿಯಾಗುತ್ತದೆ. ಈಗ ಕಾಲಿನ ಪಾಡು ಯೋಚಿಸಿ. ಹೃದಯದಿಂದ ಪಾದಕ್ಕೆ ಹತ್ತಿರ ಹತ್ತಿರ ನಾಲ್ಕು ಅಡಿ. ಅಲುಗಾಡದೆ ನಿಂತವರ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ, ಬಿಪಿ ನೋಡುವ ಅಳತೆಯಲ್ಲೇ ಹೇಳುವುದಾದರೆ, 90ರ ಆಸುಪಾಸು. ಮಲಗಿದಲ್ಲಿಂದ ಎದ್ದು ನಿಂತರೆ ಅರ್ಧ ಲೀಟರ್‌ಗೂ ಜಾಸ್ತಿ ರಕ್ತ ಕೆಳಗಿಳಿದು ಸೇರಿಕೊಳ್ಳುತ್ತದೆ.

ಆಗಸ್ಟ್ 15ರಂದು ಶಾಲೆ ಮೈದಾನದಲ್ಲಿ ಭಾಷಣ ಉದ್ದವಾದಾಗ ಹುಡುಗರು ದೊಪ್ಪನೆ ಬೀಳುತ್ತಿದ್ದರಲ್ಲ, ಅದು ಬರೀ ಖಾಲಿ ಹೊಟ್ಟೆಯಿಂದಲ್ಲ. ಕಾಲು ಅಲುಗಾಡಿಸದೆ ಸಾವಧಾನದಲ್ಲಿ ನಿಂತದ್ದಕ್ಕೆ ರಕ್ತ ಕೆಳಗೇ ನಿಂತು ತಲೆಗೆ ಕಮ್ಮಿಯಾಗಿ ಬಿದ್ದದ್ದು. ಬಿದ್ದು ಮಲಗಿದೊಡನೆ ತಲೆ, ಹೃದಯ, ಕಾಲು ಒಂದೇ ಮಟ್ಟಕ್ಕೆ ಬಂದು ಹುಡುಗ ಕಣ್ಣು ಬಿಡುತ್ತಿದ್ದ. ನಮ್ಮ ಪಿ.ಟಿ. ಮೇಷ್ಟ್ರು ಆಗ ತಪ್ಪದೆ ಮಾಡುತ್ತಿದ್ದ ಕೆಲಸ ಅಂದರೆ ಅವನನ್ನು ಎತ್ತಿ ನಿಲ್ಲಿಸುವುದು! ಅವನನ್ನು ಮಲಗಿಸಿಯೇ ಕಾಲು ಸ್ವಲ್ಪ ಎತ್ತಿ ಹಿಡಿಯಬೇಕಿತ್ತು.

ಹೃದಯ ಒತ್ತಿದ ಬಲವೆಲ್ಲ ಕೂದಲಿಗಿಂತ ಸಣ್ಣ ನಾಳಗಳಲ್ಲಿ ನುಸುಳಿ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಖರ್ಚಾಗಿರುತ್ತದೆ. ಹಾಗಾದರೆ ನಾಲ್ಕಡಿ ಮೇಲಕ್ಕೆ ಎತ್ತುವವರು ಯಾರು? ಮುಖ್ಯವಾಗಿ ಮೀನಖಂಡ. ಹೆಜ್ಜೆ ಇಟ್ಟಾಗ ಆ ಸ್ನಾಯು ಬಿಗಿದು ಒಳಗಿನ ನಾಳಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಚಿಮ್ಮುತ್ತದೆ. ಅದು ಮತ್ತೆ ಕೆಳಗಿಳಿಯದಂತೆ ನಾಳದೊಳಗೆ ಅಲ್ಲಲ್ಲಿ ತೆಳ್ಳನೆಯ ಕವಾಟಗಳಿವೆ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯ ಫುಟ್‌ವಾಲ್ವ್ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ನೀರು ಏರಲು ಬಿಡುತ್ತವೆ, ಇಳಿಯಲು ಬಿಡುವುದಿಲ್ಲ. ಆರೋಗ್ಯವಂತರು ಹತ್ತು ಹೆಜ್ಜೆ ನಡೆದರೆ ಸಾಕು, ಆ 90ರ ಒತ್ತಡ 30ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ನಿಂತರೆ ಮತ್ತೆ ತುಂಬಲು 20 ಸೆಕೆಂಡಿಗೂ ಹೆಚ್ಚು ಬೇಕು. ಕವಾಟ ಕೆಟ್ಟವರಲ್ಲಿ ಅಷ್ಟು ಹೊತ್ತು ಬೇಡ, ಮೇಲಿಂದ ಸುರಿದ ಹಾಗೆ ತುಂಬಿಬಿಡುತ್ತದೆ.

ಈ ಕವಾಟಗಳನ್ನು ಇಟಲಿಯ ಪಾದುವಾದಲ್ಲಿ ಪಾಠ ಹೇಳುತ್ತಿದ್ದ ಫ್ಯಾಬ್ರಿಷಿಯಸ್ ಎಂಬ ಮೇಷ್ಟ್ರು ಚಿತ್ರ ಸಮೇತ ವಿವರಿಸಿದ್ದು 1603ರಲ್ಲಿ. ಆದರೆ ಕೆಳಕ್ಕೆ ಹರಿಯುವ ರಕ್ತದ ವೇಗ ತಗ್ಗಿಸಲು ಇವು ಇವೆ ಅಂತ ಅವರು ತಿಳಿದಿದ್ದರು. ಅವರ ಶಿಷ್ಯ ವಿಲಿಯಂ ಹಾರ್ವೆಗೆ ಅದೇ ಬಾಗಿಲು ಬೇರೆ ದಿಕ್ಕಿಗೆ ತೆರೆಯುವುದು ಕಂಡಿತು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿಂದ ಒತ್ತಿ, ರಕ್ತ ಹೃದಯದ ಕಡೆಗೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಅಂತ ತೋರಿಸಿದ. 1628ರಲ್ಲಿ ಪುಸ್ತಕವೂ ಬಂತು. ಮೈಯಲ್ಲಿ ರಕ್ತ ಸುತ್ತುತ್ತದೆ ಅನ್ನುವ ತಿಳಿವಳಿಕೆಗೆ ಬೀಜ ಈ ಸಣ್ಣ ಬಾಗಿಲುಗಳು.

ದೋಸೆ ಅಣ್ಣನ ಕಾಲಲ್ಲಿ ಆ ಬಾಗಿಲು ಕೂಡುತ್ತಿಲ್ಲ. ವರ್ಷಗಟ್ಟಲೆ ನಿಂತು, ಬಿಸಿಗೆ ನಾಳ ಹಿಗ್ಗಿ, ಕವಾಟದ ಎರಡು ಎಲೆಗಳ ನಡುವೆ ಸಂದು ಬಿದ್ದಿದೆ. ಅವನ ತಾಯಿಗೂ ಇತ್ತಂತೆ, ಇದು ಮನೆತನದಲ್ಲಿ ಬರುವುದುಂಟು. ಬಸಿರಿನಲ್ಲಿ, ಮೈ ತೂಕ ಹೆಚ್ಚಾದವರಲ್ಲಿ ಕೂಡ ಜಾಸ್ತಿ. ಆ ಬೆಲ್ಲದ ಬಣ್ಣ ಬಂದದ್ದು ಹೇಗೆ ಗೊತ್ತಾ? ಒತ್ತಡಕ್ಕೆ ಕೆಂಪು ರಕ್ತಕಣಗಳು ಹೊರಗೆ ಜಿನುಗಿ, ಒಡೆದು, ಅವುಗಳೊಳಗಿನ ಕಬ್ಬಿಣ ಚರ್ಮದಲ್ಲಿ ಕಲೆಯಾಗಿ ಉಳಿದದ್ದು. ಸಂಜೆ ಅವನ ಕಾಲಿನ ಮುಂಭಾಗದ ಮೂಳೆ ಮೇಲೆ ಹೆಬ್ಬೆರಳು ಒತ್ತಿದೆ. ತೆಗೆದ ಮೇಲೂ ಗುಳಿ ಹಾಗೇ ಇತ್ತು, ನಾದಿದ ಹಿಟ್ಟಿನ ಮೇಲೆ ಬೆರಳೂರಿದಂತೆ. ಇದನ್ನು ಹೀಗೇ ಬಿಟ್ಟರೆ ಅದೇ ಜಾಗದಲ್ಲಿ ಹುಣ್ಣಾಗಿ, ತಿಂಗಳುಗಟ್ಟಲೆ ಮಾಯದೆ ಕಾಡಬಹುದು.

ಬಿಸಿನೀರಿನಿಂದ ಹಿತ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬಿಸಿಗೆ ಆ ನಾಳ ಇನ್ನೂ ಹಿಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾದವರಿಗಂತೂ ಸುಟ್ಟದ್ದೇ ತಿಳಿಯುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರೂ ದಣಿವು ಇಳಿದೀತು, ಕವಾಟ ಕೂಡುವುದಿಲ್ಲ. ಅದರ ಬದಲು ನಾನು ಅವನಿಗೆ ಹೇಳಿದ್ದು ಹಿಮ್ಮಡಿ ಎತ್ತಿ ಇಳಿಸು ಅಂತ. ಹೆಂಚಿನ ಮೇಲೆ ದೋಸೆ ಕೆಂಪಾಗುವವರೆಗೆ ಹೇಗೂ ಕಾಯಲೇಬೇಕಲ್ವಾ, ಆಗ ತುದಿಗಾಲ ಮೇಲೆ ಹತ್ತು ಸಲ ಏರಿ ಇಳಿ. ಪಂಪು ಓಡುತ್ತದೆ. ಬಟ್ಟೆ ಅಂಗಡಿಯವರು, ಟ್ರಾಫಿಕ್ ಪೊಲೀಸರು, ಮಂಡಕ್ಕಿ ಭಟ್ಟಿಯವರು ಎಲ್ಲರಿಗೂ ಇದೇ ಮಾತು. ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೂ.

ಇನ್ನೊಂದು ಬಿಗಿಯಾದ ಕಾಲುಚೀಲ. ಪಾದದ ಗಂಟಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಕಮ್ಮಿ. ಬೆಳಿಗ್ಗೆ ಕಾಲು ಊದಿಕೊಳ್ಳುವ ಮೊದಲೇ ಹಾಕಬೇಕು. ಜಿರಾಫೆಗೆ ಇದು ಹುಟ್ಟಿನಿಂದಲೇ ಬಂದಿದೆ. ನಮ್ಮ ಎರಡರಷ್ಟು ಬಿಪಿ ಇಟ್ಟುಕೊಂಡು ಅಷ್ಟುದ್ದ ಕಾಲ ಮೇಲೆ ನಿಂತರೂ ಅದಕ್ಕೆ ಬಾವು ಬರುವುದಿಲ್ಲ, ಯಾಕೆಂದರೆ ಕಾಲಿನ ಚರ್ಮವೇ ಬಿಗಿಯಾಗಿ ಸುತ್ತಿಕೊಂಡಿದೆ. ಅಣ್ಣನಿಗೆ ಹೇಳಿದೆ. ‘ಒಲೆ ಮುಂದೆ ಕಾಲುಚೀಲಾನಾ? ನೀವು ಒಂದು ತಾಸು ಹಾಕ್ಕೊಂಡು ನಿಲ್ರಿ ನೋಡಾಣ’ ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ನಾಲೆಯ ಕಡೆಯ ಕಾಯಿಲೆ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯಲು ಬರುವ ನಿವೃತ್ತ ಗುಮಾಸ್ತರೊಬ್ಬರು ನನಗೆ ಪರಿಚಯ. ಮೂವತ್ತು ವರ್ಷ ಬೀಡಿ ಸೇದಿದವರು. ದಿನಾ ಒಂದೇ ಜಾಗದಲ್ಲಿ ನಿಂತುಬಿಡುತ್ತಿದ್ದರು. ಮೀನಖಂಡ ಹಿಂಡಿದ ಹಾಗೆ ನೋವು. ಎರಡು ನಿಮಿಷ ನಿಂತರೆ ಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ನೋವು. ‘ವಯಸ್ಸು, ವಾಯು’ ಅಂದುಕೊಂಡಿದ್ದರು. ಉಬ್ಬಿದ ನಾಳ ಇಲ್ಲ, ಬಾವು ಇಲ್ಲ. ಕಾಲು ತಣ್ಣಗೆ, ಬೆರಳ ಮೇಲಿನ ಕೂದಲು ಉದುರಿ ಚರ್ಮ ನುಣ್ಣಗೆ. ಅಪಧಮನಿಯ ಒಳಗೋಡೆಗೆ ಕೊಬ್ಬು ಕಟ್ಟಿ, ದಾರಿ ಕಿರಿದಾಗಿತ್ತು. ಕೂತಾಗ ಬೇಕಾದಷ್ಟು ರಕ್ತ ಹೇಗೋ ಬರುತ್ತದೆ, ನಡೆದಾಗ ಸ್ನಾಯು ಕೇಳುವಷ್ಟು ಬರುವುದಿಲ್ಲ.

ಇದನ್ನು ಪತ್ತೆ ಮಾಡುವ ಪರೀಕ್ಷೆ ಬಹಳ ಸರಳ. ತೋಳಿನ ಹಾಗೆ ಪಾದದ ಗಂಟಿನ ಬಿಪಿಯನ್ನೂ ನೋಡಿ, ಕಾಲಿನದನ್ನು ತೋಳಿನದರಿಂದ ಭಾಗಿಸುತ್ತಾರೆ. ಲೆಕ್ಕ 0.9ಕ್ಕಿಂತ ಕಮ್ಮಿ ಬಂದರೆ ನಾಲೆಯಲ್ಲಿ ಹೂಳು ಇದೆ ಅಂತ.

ಈ ಗುಮಾಸ್ತರು ರಾತ್ರಿ ನೋವು ತಡೆಯದೆ ಮಂಚದಿಂದ ಕಾಲು ಇಳಿಬಿಟ್ಟು ಮಲಗುತ್ತಿದ್ದರು. ಕಾಲು ಕೆಳಗಿದ್ದರೆ ರಕ್ತ ಸ್ವಲ್ಪವಾದರೂ ಇಳಿಯುತ್ತದೆ ಅನ್ನುವುದು ಮೈಗೇ ಗೊತ್ತಾಗಿತ್ತು. ದೋಸೆ ಅಣ್ಣನಿಗೆ ಕಾಲಡಿ ದಿಂಬು ಬೇಕು. ಇವರಿಗೆ ಅದೇ ದಿಂಬು ಇಟ್ಟರೆ ನೋವು ಹೆಚ್ಚುತ್ತದೆ. ಬಿಗಿ ಕಾಲುಚೀಲವನ್ನಂತೂ ಇಂಥವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇವರಿಗೆ ಮೊದಲ ಮದ್ದು ಬೀಡಿ ಬಿಡುವುದು. ಆಮೇಲೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್. ವಿಚಿತ್ರ ಅಂದರೆ ನೋವು ತರುವ ನಡಿಗೆಯೇ ಮದ್ದು ಕೂಡ. ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಡಾಕ್ಟರ್ ಹೇಳಿದಂತೆ ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಮುಕ್ಕಾಲು ತಾಸು, ಮೂರು ತಿಂಗಳು ಬಿಡದೆ ಮಾಡಿದರೆ ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಗುಮಾಸ್ತರು ಈಗ ಏರಿಯ ಮೇಲೆ ಮೊದಲಿಗಿಂತ ಮೂರು ವಿದ್ಯುತ್ ಕಂಬ ಮುಂದೆ ಹೋಗಿ ನಿಲ್ಲುತ್ತಾರೆ.

ಇಷ್ಟರ ಮಧ್ಯೆ ಒಂದು ಮಾತು ಮರೆಯಬೇಡಿ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಯಾರ ಕೈಲೂ ತಿಕ್ಕಿಸಬೇಡಿ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಆ ಕ್ಷಣವೇ.

ದೋಸೆ ಅಣ್ಣ ಕೊನೆಗೂ ನಾಳದೊಳಗೆ ರಕ್ತ ಎತ್ತ ಹರಿಯುತ್ತದೆ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿಕೊಂಡ. ತೊಡೆಸಂದಿಯ ಬಳಿಯ ಕವಾಟ ಕೆಟ್ಟಿದೆ, ಲೇಸರ್‌ನಲ್ಲಿ ಆ ನಾಳವನ್ನು ಒಳಗಿನಿಂದಲೇ ಮುಚ್ಚಬಹುದು, ರಕ್ತ ಬೇರೆ ನಾಳಗಳಲ್ಲಿ ದಾರಿ ಹುಡುಕಿಕೊಳ್ಳುತ್ತದೆ ಅಂದರಂತೆ. ‘ಮದುವೆ ಸೀಸನ್ ಮುಗೀಲಿ’ ಅಂತ ಮುಂದಕ್ಕೆ ಹಾಕಿದ್ದಾನೆ. ಅಲ್ಲಿವರೆಗೆ ಹಿಮ್ಮಡಿ ಎತ್ತಿ ಇಳಿಸುವುದು ನಡೆದಿದೆ. ಮಧ್ಯಾಹ್ನ ಎರಡೂವರೆಗೆ ಒಲೆ ಆರಿಸಿ, ಹೋಟೆಲ್ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ, ಗೋಡೆಗೆ ಕಾಲು ಎತ್ತಿ ಒರಗಿಸಿ ಇಪ್ಪತ್ತು ನಿಮಿಷ ಮಲಗುತ್ತಾನೆ. ಮೊದಲ ದಿನ ಅವನಿಗೆ ನಾಚಿಕೆ. ಹಿರಿಯರ ಮುಂದೆ ಕಾಲು ಚಾಚಬೇಡ ಅಂತ ಬೈಸಿಕೊಂಡು ಬೆಳೆದವರು ತಾನೇ ನಾವೆಲ್ಲ. ಮೊನ್ನೆ ಇಣುಕಿ ನೋಡಿದೆ. ಆ ಗೋಡೆ ಮೇಲಿದ್ದ ದೇವರ ಫೋಟೋವನ್ನು ತೆಗೆದು ಎದುರು ಗೋಡೆಗೆ ಮೊಳೆ ಹೊಡೆದು ಹಾಕಿದ್ದಾನೆ.