ಗಿಟ್‌ಹಬ್ ಬಿಟ್ಟರೆ ಪ್ರೈವೆಸಿ ಸಿಗುತ್ತಾ?

ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡುವವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಗಿಟ್‌ಹಬ್ ಅಂದರೆ ಕೋಡ್ ಇಟ್ಟು ಹಂಚಿಕೊಳ್ಳುವ ವೆಬ್‌ಸೈಟ್. ಬೇರೆ ಕಡೆ ಹೋಗಿ, ತಪ್ಪೇನಿಲ್ಲ. ಆದರೆ ನಿಮ್ಮ ವಿವರ ಸೋರುವುದು ಮೊದಲು ನಿಮ್ಮ ಲ್ಯಾಪ್‌ಟಾಪಿನಿಂದಲೇ.

ಗಿಟ್‌ಹಬ್‌ನಲ್ಲಿ ನಿಮ್ಮದೇ ಒಂದು ಕಮಿಟ್ (ಕೋಡಿನಲ್ಲಿ ಮಾಡಿ ದಾಖಲಿಸಿದ ಬದಲಾವಣೆ) ತೆರೆಯಿರಿ. ಬ್ರೌಸರಿನ ಮೇಲಿನ ವಿಳಾಸದ ಕೊನೆಗೆ '.patch' ಸೇರಿಸಿ ಎಂಟರ್ ಒತ್ತಿ. ನಿಮ್ಮ ಹೆಸರು, ಇಮೇಲ್, ತಾರೀಖು, ಗಂಟೆ, ಪಕ್ಕದಲ್ಲಿ +0530, ಅಂದರೆ ಭಾರತದ ಸಮಯ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಸ್ವಂತ ಪ್ರಾಜೆಕ್ಟಿನ ಕೆಲಸ ಮಾಡಿದ್ದೀರಿ ಅನ್ನುವುದು ನಿಮ್ಮ ಮ್ಯಾನೇಜರಿಗೂ ಕಾಣುತ್ತದೆ! ಇದು ಗಿಟ್‌ಹಬ್ ಮಾಡಿದ್ದಲ್ಲ, ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಎಂಬ ಸಾಫ್ಟ್‌ವೇರ್ ಇರುವುದೇ ಹಾಗೆ. ಎಲ್ಲಿಗೆ ಹೋದರೂ ಇದು ಗಂಟುಮೂಟೆ ಸಮೇತ ಜೊತೆಗೇ ಬರುತ್ತದೆ.

ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಮುಚ್ಚಿಡುವ ಆಯ್ಕೆ ಇದೆ. ಆಗ ನಿಮ್ಮ ಇಮೇಲ್ ಬದಲು ಬಳಸಲು ಒಂದು 'ನೋರಿಪ್ಲೈ' ವಿಳಾಸ ಕೊಡುತ್ತಾರೆ. ಅದನ್ನು ನಿಮ್ಮ ಲ್ಯಾಪ್‌ಟಾಪಿನ ಗಿಟ್ ಕಾನ್ಫಿಗ್‌ನಲ್ಲೂ (ಗಿಟ್‌ನ ಸೆಟ್ಟಿಂಗ್ಸ್) ಹಾಕಲೇಬೇಕು, ಸುಮ್ನೆ ಟಿಕ್ ಮಾಡಿದರೆ ಸಾಲದು. ಇದನ್ನು ಮೊದಲ ದಿನವೇ ಮಾಡಿ. ಆಮೇಲೆ ಅಳಿಸೋಣ ಅಂದರೆ ಹಿಸ್ಟರಿ ಪೂರ್ತಿ ತಿದ್ದಿ ಬರೆಯಬೇಕು, ಅಲ್ಲಿಂದ ಮುಂದಿನ ಕಮಿಟ್‌ಗಳ ಹ್ಯಾಶ್ (ಗುರುತಿನ ಸಂಕೇತ) ಎಲ್ಲ ಬದಲಾಗುತ್ತದೆ. ಅಷ್ಟು ಮಾಡಿದರೂ ಬೇರೆಯವರು ಮಾಡಿಕೊಂಡ ನಕಲಿನಲ್ಲಿ, ಅಂದರೆ ಫೋರ್ಕ್‌ನಲ್ಲಿ, ಹಳೆಯದು ಹಾಗೇ ಉಳಿದಿರುತ್ತದೆ.

ಇನ್ನು ಕಂಪನಿಗಳ ಮಾತು. 2019ರಲ್ಲಿ ಗಿಟ್‌ಹಬ್‌ನಂಥದೇ ಆದ ಗಿಟ್‌ಲ್ಯಾಬ್ ಹೊರಗಿನ ಕಂಪನಿಗಳ ಟ್ರ್ಯಾಕಿಂಗ್ ಸೇರಿಸಲು ಹೊರಟಿತ್ತು. ಬಳಕೆದಾರರು ಗಲಾಟೆ ಮಾಡಿದ ಮೇಲೆ ಕೈಬಿಟ್ಟಿತು. 2020ರ ಡಿಸೆಂಬರಿನಲ್ಲಿ ಗಿಟ್‌ಹಬ್ ಅನಗತ್ಯ ಕುಕಿಗಳನ್ನೆಲ್ಲ ತೆಗೆದು ಶಭಾಷ್ ಅನ್ನಿಸಿಕೊಂಡಿತು. 2022ರಲ್ಲಿ ಮಾರ್ಕೆಟಿಂಗ್ ಪುಟಗಳಿಗೆ ಮತ್ತೆ ತಂದಿತು. ಪಾಲಿಸಿ ಇವತ್ತು ಒಂದಿದ್ದರೆ ನಾಳೆ ಇನ್ನೊಂದು. ಆದ್ದರಿಂದ ನಾನು ಪಾಲಿಸಿಗಿಂತ ಜಾಸ್ತಿ ನೋಡುವುದು ಯಾವ ದೇಶದ ಕಾನೂನು, ದುಡ್ಡು ಎಲ್ಲಿಂದ ಬರುತ್ತದೆ ಅಂತ. 2019ರಲ್ಲಿ ಅಮೆರಿಕದ ನಿರ್ಬಂಧಗಳ ಕಾರಣಕ್ಕೆ ಇರಾನ್, ಸಿರಿಯಾ, ಕ್ರಿಮಿಯಾದ ಅಕೌಂಟುಗಳಿಗೆ ಗಿಟ್‌ಹಬ್ ಕಡಿವಾಣ ಹಾಕಿತು. ನೀವು ಎಲ್ಲಿಂದ ಲಾಗಿನ್ ಆಗುತ್ತೀರಿ ಅನ್ನುವುದಕ್ಕೆ ಎಷ್ಟು ಬೆಲೆ ಇದೆ ಅಂತ ಆಗ ಗೊತ್ತಾಯಿತು, ಅಲ್ವಾ? ಇಂಥದೇ ಇನ್ನೊಂದು ತಾಣ ಕೋಡ್‌ಬರ್ಗ್. ಅದನ್ನು ನಡೆಸುವುದು ಬರ್ಲಿನ್‌ನ ಒಂದು ಲಾಭರಹಿತ ಸಂಘ. ಅಲ್ಲಿ ನಡೆಯುವುದು ಜರ್ಮನಿಯ ಕಾನೂನು, ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾಯಿದೆ. ಸಣ್ಣ ಪ್ರಾಜೆಕ್ಟಿಗೆ ನಾನು ಮೊದಲು ಹೇಳುವುದು ಅದನ್ನೇ.

ಆದರೆ ಹೆಚ್ಚಿನವರು ಯೋಚಿಸದ ವಿಷಯ ಬೇರೆಯೇ ಇದೆ. ಈ ಆಯ್ಕೆ ನಿಮಗೆ ಮಾತ್ರ ಅಲ್ಲ. ನಿಮ್ಮ ಆ್ಯಪ್‌ನಲ್ಲಿ ಒಂದು ಬಗ್ ಕಂಡವರು ಅದನ್ನು ತಿಳಿಸಲು ನೀವು ಆರಿಸಿದ ಕಡೆ ಅಕೌಂಟ್ ತೆರೆಯಬೇಕು, ಅಲ್ಲಿನ ಷರತ್ತಿಗೆ ಒಪ್ಪಬೇಕು. ಸೋರ್ಸ್‌ಹಟ್ ಎಂಬ ತಾಣದಲ್ಲಿ ಅಕೌಂಟ್ ಇಲ್ಲದೆಯೇ ಇಮೇಲ್‌ನಲ್ಲಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಬಹುದು. ತಮಾಷೆ ಏನಂದ್ರೆ, ಅಲ್ಲಿ ಕಳಿಸಿದ ಪತ್ರ ನಿಮ್ಮ ವಿಳಾಸದ ಸಮೇತ ಎಲ್ಲರ ಕಣ್ಣಿಗೂ ಬೀಳಬಹುದು.

ಸ್ವಂತ ಸರ್ವರ್ ಹಾಕುತ್ತೇನೆ ಅನ್ನುವವರಿಗೂ ಒಂದು ಮಾತು. ಬಂದು ಹೋದವರ ಐಪಿ ವಿಳಾಸ ಆಗ ನಿಮ್ಮ ಲಾಗ್‌ನಲ್ಲಿ ಕೂತಿರುತ್ತದೆ. ಅದನ್ನು ಎಷ್ಟು ದಿನ ಇಡುತ್ತೀರಿ ಅಂತ ಪ್ರಾಜೆಕ್ಟಿನ ಪರಿಚಯ ಬರೆಯುವ ರೀಡ್‌ಮಿ ಫೈಲಿನಲ್ಲಿ ಬರೆದುಬಿಡಿ. ಜೊತೆಗೆ, ಅಕೌಂಟ್ ಬೇಡ ಅನ್ನುವವರು ಬಗ್ ತಿಳಿಸಲು ಒಂದು ಇಮೇಲ್ ವಿಳಾಸವನ್ನೂ ಕೊಡಿ.